ಪಟ್ರಿ ಬಾಗಿದ ಜಾಗ

ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಕಲಿಸಿಯೇ ನನ್ನ ತಲೆಗೂದಲು ನೆರೆತವು. ನಕ್ಷೆ ಕೈಗೆ ಬಂದ ಕೂಡಲೇ ಮೊದಲು ಉತ್ತರ ಎಲ್ಲಿದೆ ನೋಡಿ, ಆಮೇಲೆ ಬಾಯಿ ಬಿಡಿ ಎಂದು ಚಿತ್ತಾಪುರದ ಎಷ್ಟು ಮಕ್ಕಳನ್ನು ಗದರಿಸಿದ್ದೇನೋ ನನಗೇ ನೆನಪಿಲ್ಲ. ಅಂಥ ನಾನು ಹೋದ ವರ್ಷ ನಡುಮನೆಯಲ್ಲಿ ನಕ್ಷೆಗಳನ್ನು ಹರಡಿಕೊಂಡು ಕೂತು, ಒಂದು ಪುಟ್ಟ ರೈಲು ಲೈನು ಎಲ್ಲಿ ಹಾದುಹೋಗಿತ್ತು ಎಂದು ತಿಳಿಯದೆ ಕಣ್ಣೀರು ಹಾಕುವ ಹಾಗಾಗಿದ್ದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಇಣುಕಿ, ಚಹಾ ತಾವೇ ಮಾಡಿಕೊಂಡು ಕುಡಿದರು. ನನ್ನ ಸಿಟ್ಟು ಅವರಿಗೆ ಚೆನ್ನಾಗಿ ಗೊತ್ತು.

ಇದೆಲ್ಲ ಶುರುವಾದದ್ದು ಒಂದು ಮಧ್ಯಾಹ್ನ, ಅವ್ವ ತೊಗರಿ ಬೇಳೆ ಹಸನು ಮಾಡುತ್ತಿದ್ದಾಗ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಗುಂಡಗುರ್ತಿಯ ಹೊಲ ನೋಡಿಕೊಂಡು ತಮ್ಮ ಅಲ್ಲಿದ್ದಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಮೊರದಲ್ಲಿ ಕೈಯಾಡಿಸುತ್ತಿದ್ದ ಅವ್ವ ತಲೆ ಎತ್ತದೆಯೇ ಅಂದಳು:

"ನಿಮ್ಮಪ್ಪ ಹೊಲದಾಗ ಅದಾನ. ನಾಳಿ ನನ್ನೂ ಅವನ ಬಾಜೂಕೇ ಇಡ್ತೀರಿ, ಅದು ನನಗ ಗೊತ್ತದ. ಆದರ ಅಕಿ ಒಬ್ಬಾಕಿನೇ ಅದಾಳಲ್ಲ ಅಲ್ಲಿ, ಲೈನ್ ಬಾಜೂಕ."

"ಯಾರ ಬೇ?"

"ನಿನಗಿಂತ ಮೊದಲಿನಾಕಿ."

ನನಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿ ಹೋಗಿತ್ತು ಎಂದು ಕೇಳಿದ್ದೆ. ಅದನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಹಾಗಾಗಿ ನಾವೂ ಕೇಳಿರಲಿಲ್ಲ. ಆ ದಿನ ಅವ್ವ ಬೇಳೆ ಪೂರ್ತಿ ಹಸನಾಗುವವರೆಗೂ ಹೇಳಿದಳು. ಅಪ್ಪ ಆಗ ಒಂದು ಕಲ್ಲಿನ ಖಣಿಯವರ ಲೈನಿನಲ್ಲಿ ಗ್ಯಾಂಗ್‌ಮನ್. ದಂಡೋತಿ ಕಡೆಯ ಖಣಿಗಳಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿದ ಟ್ರಾಲಿಗಳನ್ನು ಸಣ್ಣ ಇಂಜಿನ್ನೊಂದು ವಾಡಿಯ ದಿಕ್ಕಿಗೆ ಎಳೆದುಕೊಂಡು ಹೋಗುತ್ತಿತ್ತಂತೆ. ಲೈನಿನ ಪಕ್ಕದಲ್ಲೇ ಗ್ಯಾಂಗಿನವರ ಮನೆಗಳು. ಚೊಚ್ಚಲ ಹೆರಿಗೆಗೆ ಅವ್ವನನ್ನು ತವರಿಗೆ, ಅಂದರೆ ಚಿಂಚೋಳಿಗೆ, ಕರೆದೊಯ್ಯುವ ಮೊದಲೇ ಏಳನೇ ತಿಂಗಳಿಗೆ ಕೂಸು ಬಂದುಬಿಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಗಿಬಿಟ್ಟಿತು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗಿಡುತ್ತಾರೆ. ಹೆಂಗಸರು ಆ ಕಡೆ ಹೋಗುವ ವಾಡಿಕೆ ಆಗ ಇರಲಿಲ್ಲ, ಬಾಣಂತಿಯಂತೂ ಹೊಸ್ತಿಲು ದಾಟುವ ಹಾಗಿಲ್ಲ. ಅಪ್ಪ ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ಅದರಲ್ಲಿ ಕೂಸನ್ನು ಸುತ್ತಿಕೊಂಡು ಹೋದ, ಬರಿಗೈಯಲ್ಲಿ ಬಂದ. ಆಮೇಲೆ ಚಿಂಚೋಳಿಯಿಂದ ಅಜ್ಜ ಬಂದು ಅವ್ವನನ್ನು ಕರೆದುಕೊಂಡು ಹೋದ. ತಿರುಗಿ ಬಂದಾಗ ಅತ್ತೆ, ಅಂದರೆ ನನ್ನ ಅಜ್ಜಿ, ಕಟ್ಟಪ್ಪಣೆ ಮಾಡಿದ್ದಳು: ಆ ಕಡೆ ಹೋಗಿ ಅತ್ತು ಕರೆದರೆ ಮುಂದಿನ ಕೂಸು ಉಡಿಯಲ್ಲಿ ನಿಲ್ಲುವುದಿಲ್ಲ. ಅವ್ವ ಹೋಗಲಿಲ್ಲ. ನಾನು ಹುಟ್ಟಿದೆ, ಲೈನು ಬಂದ್ ಆಯಿತು, ಹಳಿ, ಅಂದರೆ ನಮ್ಮ ಕಡೆಯ ಪಟ್ರಿ, ಕಿತ್ತುಕೊಂಡು ಹೋದರು, ಅಪ್ಪ ಗುಂಡಗುರ್ತಿಗೆ ಬಂದು ಹೊಲ ಹಿಡಿದ. ಅವ್ವ ಆ ಜಾಗವನ್ನು ಒಮ್ಮೆಯೂ ಕಣ್ಣಿಂದ ನೋಡಲಿಲ್ಲ.

"ಅಕಿ ಮ್ಯಾಲಿನ ಮಣ್ಣು ಒಂದು ಹಿಡಿ ತಂದುಕೊಡು ನನಗ," ಅಂದಳು. "ಕುಂದ್ರಿಸಿ ಇಡೋ ಮುಂದ ನನ್ನ ಉಡ್ಯಾಗ ಹಾಕ್ರಿ. ಮತ್ತೇನೂ ಬ್ಯಾಡ."

ನಮ್ಮವರನ್ನು ಕೂರಿಸಿಯೇ ಮಣ್ಣು ಮಾಡುವುದು. ಕೂತವಳಿಗೆ ಮಡಿಲಿರುತ್ತದೆ. ನಾನು, "ಅದೇನು ದೊಡ್ಡ ಮಾತು, ನಾನು ಇದ್ದೀನಲ್ಲ" ಎಂದು ಜಂಬ ಕೊಚ್ಚಿದೆ. ಅಪ್ಪ ಎಂದೋ ಒಮ್ಮೆ ಹೇಳಿದ ಗುರುತು ಅವ್ವನಿಗೆ ಬಾಯಿಪಾಠವಾಗಿತ್ತು: ಎರಡನೇ ಮೋರಿ ದಾಟಿದ ಮೇಲೆ, ಲೈನಿನ ಎಡಕ್ಕೆ.

ಮೊದಲನೇ ನಕ್ಷೆ ಮೊಬೈಲಿನಲ್ಲೇ ಸಿಕ್ಕಿತು. ಹಳೆಯ ಸರ್ವೆ ನಕ್ಷೆಗಳನ್ನು ಯಾವುದೋ ದೂರದೇಶದ ಗ್ರಂಥಾಲಯದವರು ಅಂತರ್ಜಾಲದಲ್ಲಿ ಹಾಕಿದ್ದಾರೆ. ಕಾಗಿಣಾ ನದಿ ಸಿಕ್ಕಿತು, ದಂಡೋತಿ ಸಿಕ್ಕಿತು, ಅದರಾಚೆ ಇರುವೆ ಸಾಲಿನಂಥ ಸಣ್ಣ ಗೆರೆ, ಅಡ್ಡಡ್ಡ ಗೀರುಗಳ ಸಮೇತ. ಸ್ಕೇಲು ಹಿಡಿದು ಎಳೆದಷ್ಟು ನೇರ. ಲೈನಿನ ಕೆಳಗೆ ನೀರು ಹಾಯುವ ಮೋರಿಗಳ ಗುರುತೂ ಇತ್ತು. ನಾನು ಚಪ್ಪಾಳೆ ಹೊಡೆದೆ. ಕೂಡಲೇ ಒಂದು ಅನುಮಾನ ಬಂತು.

"ಯವ್ವಾ, ಎಡಕ್ಕ ಅಂದ್ರ ವಾಡಿ ಕಡಿಗಿ ಹೋಗೋ ಮುಂದ ಎಡಕ್ಕೋ, ಖಣಿ ಕಡಿಗಿ ಬರೋ ಮುಂದ ಎಡಕ್ಕೋ?"

"ಎಡಕ್ಕ ಅಂದ್ರ ಎಡಕ್ಕ!" ಎಂದು ಅವ್ವ ತನ್ನ ಎಡಗೈ ಎತ್ತಿ ತೋರಿಸಿದಳು. "ಇದು ಯಾವಾಗಾದ್ರೂ ಬಲಕ್ಕ ಆಗ್ತದೇನು?"

ಎರಡನೇ ಮೋರಿಯ ಕಥೆಯೂ ಅಷ್ಟೇ. ಆ ತುದಿಯಿಂದ ಎಣಿಸಿದರೆ ಒಂದು, ಈ ತುದಿಯಿಂದ ಎಣಿಸಿದರೆ ಇನ್ನೊಂದು. ಮಕ್ಕಳು ಹೀಗೆ ಉತ್ತರ ಬರೆದಿದ್ದರೆ ಸೊನ್ನೆ ಸುತ್ತಿ, ಪಾಲಕರನ್ನು ಕರೆದುಕೊಂಡು ಬಾ ಅನ್ನುತ್ತಿದ್ದೆ. ಇಲ್ಲಿ ಪಾಲಕಿಯೇ ಎದುರಿಗೆ ಕೂತು ನನ್ನ ಮೇಲೆ ರೇಗುತ್ತಿದ್ದಳು.

ಫೋಟೊ ಸಿಕ್ಕರೆ ಬಗೆಹರಿದೀತು ಎಂದು ಸೇಡಂಗೆ ಹೋದೆ. ಅಲ್ಲೊಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಹಳೆಯ ರೈಲಿನ ಫೋಟೊಗಳಿವೆ ಎಂದು ಯಾರೋ ಹೇಳಿದ್ದರು. ಹೌದು, ರೈಲಿತ್ತು. ಅವರ ಮದುವೆ ದಿಬ್ಬಣ ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ತೆಗೆದ ಫೋಟೊ, ಮದುಮಗನ ಭುಜದ ಹಿಂದೆ ರೈಲು ಡಬ್ಬಿಯ ಒಂದು ಕಿಟಕಿ. ಆ ಆಲ್ಬಮ್ಮನ್ನು ಮೊದಲಿಂದ ಕೊನೆತನಕ ನೋಡಿ, ಅವರ ಹೆಂಡತಿ ಬಡಿಸಿದ ರೊಟ್ಟಿ ಪುಂಡಿಪಲ್ಯ ಉಂಡು, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ವಾಪಸಾದೆ.

ಆಮೇಲೆ ವಾಡಿಯಲ್ಲಿ ಒಂದು ಕೆಲಸ ಆಯಿತು. ಆ ಖಣಿಯ ಆಫೀಸಿನಲ್ಲಿದ್ದ ಗುಮಾಸ್ತರೊಬ್ಬರ ಮನೆಯಲ್ಲಿ, ಟ್ರಂಕಿನ ತಳಕ್ಕೆ ಹಾಸಿದ್ದ ನೀಲಿ ಕಾಗದವೊಂದನ್ನು ಅವರ ಸೊಸೆ ತೆಗೆದು ಕೊಟ್ಟಳು. ಖಣಿಯ ನಕ್ಷೆ! ಜೆರಾಕ್ಸ್ ಮಾಡಿಸಿಕೊಂಡು ಬಸ್ಸಿನಲ್ಲೇ ಬಿಚ್ಚಿದೆ. ಅಯ್ಯೋ ದೇವರೇ. ಇದರಲ್ಲಿ ಲೈನು ಮೊದಲಿನ ಜಾಗದಲ್ಲೇ ಇಲ್ಲ, ಒಂದಿಷ್ಟು ಪಕ್ಕಕ್ಕೆ ಸರಿದು ಕೂತಿದೆ. ಅದೂ ಹಾಳಾಗಲಿ ಎಂದರೆ, ಎರಡು ಮೋರಿಗಳ ನಡುವೆ ಒಂದು ಕಡೆ ಲೈನು ಸುಮ್ಮನೆ ಬಾಗಿದೆ. ನೇರ ಬಂದದ್ದು, ಬಿಲ್ಲಿನ ಹಾಗೆ ಹೊರಗೆ ಉಬ್ಬಿ, ಮತ್ತೆ ನೇರವಾಗಿ ಹೋಗಿದೆ. ಅಲ್ಲಿ ಗುಡ್ಡ ಇಲ್ಲ, ಹಳ್ಳ ಇಲ್ಲ, ಬಾವಿ ಇಲ್ಲ. ಬಯಲು. ಕಲ್ಲು ಹೇರಿದ ಟ್ರಾಲಿ ಹೋಗುವ ಲೈನನ್ನು ಬಯಲಿನಲ್ಲಿ ಯಾರಾದರೂ ಬಗ್ಗಿಸುತ್ತಾರೆಯೇ?

ತಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕಾ, ಈ ನಕ್ಷಾ ತಗದಂವ ಕುಡದಿದ್ದ ಕಾಣ್ತದ" ಅಂದ.

ನನಗೂ ಹಾಗೇ ಅನಿಸಿತ್ತು, ಶಹಾಬಾದಿನ ಫೋಟೊ ಸಿಗುವವರೆಗೆ. ಅಲ್ಲಿನ ಹಳೇ ಸ್ಟುಡಿಯೊ ಒಂದರ ಮಾಲೀಕರು ಅಟ್ಟದಿಂದ ಒಂದು ಡಬ್ಬಿ ಇಳಿಸಿ, "ಕುಂದ್ರಿ ಟೀಚರ್, ಆರಾಮಾಗಿ ಹುಡಕ್ರಿ. ನಮ್ಮ ಅಬ್ಬಾ ಖಣಿಗೋಳಿಗೆಲ್ಲ ಹೋಗಿ ಫೋಟೊ ತಗೀತಿದ್ರು" ಅಂದರು. ಹುಡುಕಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಒಂದು ಸಿಕ್ಕಿತು: ಪಟಗ ಸುತ್ತಿದ ಒಂದು ಗುಂಪು ಗಂಡಸರು ಪಟ್ರಿಯ ಪಕ್ಕ ಉದ್ದದ ಹಾರೆಗಳನ್ನು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅವರ ಬೆನ್ನ ಹಿಂದೆ ಪಟ್ರಿ ಬಾಗಿದೆ. ನೀಲಿ ನಕ್ಷೆಯಲ್ಲಿದ್ದ ಹಾಗೆಯೇ. ಬಾಗಿನ ಒಳಗೆ ಒಣ ಹುಲ್ಲು ಬಿಟ್ಟರೆ ಏನೂ ಇಲ್ಲ.

ಹಾಗಾದರೆ ನಕ್ಷೆ ಬರೆದವನು ಕುಡಿದಿರಲಿಲ್ಲ. ಆದರೆ ಮೊದಲ ನಕ್ಷೆಯೂ ಸುಳ್ಳಲ್ಲ, ಅದು ಸರ್ಕಾರದ್ದು. ಒಂದೇ ಲೈನು ಎರಡು ಕಡೆ ಹೇಗಿರುತ್ತದೆ? ಮನೆಗೆ ತಂದು ಅವ್ವನಿಗೆ ಫೋಟೊ ತೋರಿಸಿದೆ. ಅವ್ವ ಎಡಗಡೆಯ ಮುಖದ ಮೇಲೆ ಬೆರಳಿಟ್ಟು, "ಇಂವ ನಿಮ್ಮಪ್ಪ" ಅಂದಳು. ತಮ್ಮ ಬಲಗಡೆಯವನನ್ನು ತೋರಿಸಿ ಅವನೇ ಅಪ್ಪ ಅಂದ. ನನಗೆ ಎಲ್ಲರೂ ಅಪ್ಪನ ಹಾಗೇ ಕಂಡರು. ಲೈನು ಜಾಗ ಬದಲಿಸಿದ್ದು ಯಾಕೆ ಎಂದು ಕೇಳಿದಾಗ ಅವ್ವ ನನ್ನನ್ನೇ ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು.

"ಖಣಿ ಮುಂದ ಮುಂದ ಹೋಗ್ತದಲ್ಲ, ಪಟ್ರಿ ಹಿಂದೇ ಕುಂದರಬೇಕೇನು? ಕಿತ್ತು ಕಿತ್ತು ಹಾಕ್ತಿದ್ದರು."

"ಇದನ್ನ ಮೊದಲೇ ಹೇಳಬಾರದೇನ ಬೇ?"

"ನೀ ಎಲ್ಲಿ ಕೇಳ್ದಿ? ಎಡಕ್ಕೋ ಬಲಕ್ಕೋ ಅಂತ ಕೇಳ್ದಿ."

ಅಂದರೆ ನಾನು ಇಷ್ಟು ದಿನ ಹುಡುಕಿದ್ದು ಒಂದು ಲೈನನ್ನಲ್ಲ. ಕೂಸನ್ನು ಮಣ್ಣಿಗಿಟ್ಟಾಗ ಲೈನು ಎಲ್ಲಿತ್ತು? ಅಪ್ಪ ಅವ್ವನಿಗೆ ಗುರುತು ಹೇಳಿದಾಗ ಎಲ್ಲಿತ್ತು? ಯಾವ ಲೈನಿನ ಎರಡನೇ ಮೋರಿ, ಯಾವ ಲೈನಿನ ಎಡ? ಚಳಿಗಾಲದಲ್ಲಿ ತಮ್ಮನ ಗಾಡಿಯ ಹಿಂದೆ ಕೂತು ಆ ಬಯಲಿಗೆ ಹೋಗಿಯೂ ಬಂದೆವು. ಎದೆಮಟ್ಟ ಬೆಳೆದ ತೊಗರಿ, ಹಸಿರು ನೀರು ನಿಂತ ಖಣಿಗಳು, ಜಾಲಿಕಂಟಿ. ಮೋರಿ ಎಂದುಕೊಂಡು ಇಳಿದು ನೋಡಿದ್ದು ಯಾರದೋ ಹೊಲದ ನೀರಿನ ತೂಬು. ಸೀರೆ ಹರಿಯಿತು. ಮನೆಗೆ ಬಂದು ನಕ್ಷೆಗಳನ್ನೆಲ್ಲ ಸುತ್ತಿ ಕಪಾಟಿನ ಮೇಲೆ ಎಸೆದೆ. ಅವ್ವ ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ನನ್ನ ಹರಿದ ಸೀರೆ ತೆಗೆದುಕೊಂಡು ಹೊಲಿಯುತ್ತ ಕೂತಳು. ದಾರ ಪೋಣಿಸಲು ಬಾರದೆ ಸೂಜಿಯನ್ನು ನನ್ನ ಕಡೆ ಚಾಚಿದಳು. ಈಕೆಗೆ ಇನ್ನೆಷ್ಟು ದಿನ ಉಳಿದಿದೆಯೋ ಎಂಬ ಹೆದರಿಕೆ ಆಗ ಮೊದಲ ಸಲ ನನಗೆ ಬಂತು.

ಬೇಸಿಗೆ ಮುಗಿಯುತ್ತ ಬಂದಾಗ ಗುಂಡಗುರ್ತಿಗೆ ಹೋಗಿದ್ದೆ. ತಮ್ಮ ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದ. ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಟ್ರ್ಯಾಕ್ಟರು ಹೊಲದ ಆ ತುದಿಯಿಂದ ನೇರವಾಗಿ ಬಂತು. ನಡುವೆ ಅಪ್ಪನನ್ನು ಇಟ್ಟ ಜಾಗ, ಎರಡು ಫರ್ಸಿ ಕಲ್ಲು ಹೊದಿಸಿದ ಗದ್ದುಗೆ. ಅಲ್ಲಿಗೆ ಬಂದಾಗ ತಮ್ಮ ಸ್ಟೇರಿಂಗನ್ನು ಒಂದಿಷ್ಟು ತಿರುಗಿಸಿದ. ಟ್ರ್ಯಾಕ್ಟರು ಗದ್ದುಗೆಯನ್ನು ಬಳಸಿಕೊಂಡು ಮತ್ತೆ ನೇರವಾಯಿತು. ಹಿಂದೆ ಕಪ್ಪು ಮಣ್ಣಿನಲ್ಲಿ ಸಾಲುಗಳು ಬಿಲ್ಲಿನ ಹಾಗೆ ಉಬ್ಬಿ, ಮತ್ತೆ ನೇರವಾಗಿ ಹೋಗಿದ್ದವು.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಕಡೆ ಯಾವ ಹೊಲ ನೋಡಿದರೂ ಹಿರಿಯರ ಗದ್ದುಗೆ ಇರುತ್ತದೆ, ಯಾವ ಹೊಲದ ಸಾಲೂ ಅದನ್ನು ಬಳಸಿಯೇ ಹೋಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಆ ಹೊತ್ತು ಚಪ್ಪಲಿ ಬಿಟ್ಟು ಹೆಂಟೆಗಳ ಮೇಲೆ ಓಡಿದೆ. ತಮ್ಮ ಗಾಬರಿಯಾಗಿ ಟ್ರ್ಯಾಕ್ಟರ್ ಬಂದ್ ಮಾಡಿದ.

"ಏನಾಯ್ತಕ್ಕಾ? ಹಾವೇನು?"

"ಆ ಪಟ್ರಿ! ಅಪ್ಪ ಪಟ್ರಿ ಬಗ್ಗಿಸ್ಯಾನೋ! ಲೈನ್ ಸರಿಸೋ ಮುಂದ ಅದು ಅಕಿ ಮ್ಯಾಲೇ ಬಂದದ. ಬಳಸಿ ಹಾಕ್ಯಾನ!"

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಒಬ್ಬಂವಗ ಆಗೋ ಕೆಲಸ ಅಲ್ಲ ಬಿಡಕ್ಕ ಅದು. ಗ್ಯಾಂಗೇ ಕೂಡಿ ಬಗ್ಗಿಸ್ಯಾರ," ಅಂದ. ಹೌದಲ್ಲ ಅನಿಸಿತು. ಆ ಫೋಟೊದಲ್ಲಿ ಹಾರೆ ಹಿಡಿದು ಕೂತಿದ್ದ ಅಷ್ಟೂ ಜನರ ಕೆಲಸ ಅದು. ಅವರಲ್ಲಿ ಯಾವನು ಅಪ್ಪ ಎಂಬ ನಮ್ಮ ಜಗಳಕ್ಕೆ ಆಮೇಲೆ ಅರ್ಥ ಉಳಿಯಲಿಲ್ಲ.

ಮಳೆ ಬೀಳುವ ಮುಂಚೆ, ಹೊಲಗಳು ಬರಿದಾಗಿರುವಾಗಲೇ, ಅವ್ವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಮಣ್ಣು ಕಟ್ಟಿಕೊಳ್ಳಲೆಂದು ಹೊಸ ಕುಪ್ಪಸದ ಕಣವೊಂದನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು.

ಚಳಿಗಾಲದಲ್ಲಿ ತೊಗರಿ ಮುಚ್ಚಿಟ್ಟದ್ದು ಈಗ ಬಯಲಾಗಿತ್ತು. ಬರಿ ಹೊಲದ ನಡುವೆ ಮೊಣಕಾಲೆತ್ತರದ ಒಂದು ಒಡ್ಡು, ಜಲ್ಲಿಕಲ್ಲು ಬೆರೆತದ್ದು, ಹಿಂದೆ ಪಟ್ರಿ ಹಾಸಿದ್ದೇ ಇದರ ಮೇಲೆ. ಅದನ್ನೇ ಹಿಡಿದು ನಡೆದೆವು. ನಾನು ಮುಂದೆ, ನೀಲಿ ನಕ್ಷೆಯ ಸಮೇತ, ತಮ್ಮನ ಕೈ ಹಿಡಿದು ಅವ್ವ ಹಿಂದೆ. ಮೋರಿ ಬಂತು, ದಾಟಿದೆವು. ಒಡ್ಡು ಬಾಗಿತು. ಬಾಗಿನ ಒಳಗೆ ಒಂದು ಬೇವಿನ ಮರ, ಅದರ ಬುಡದಲ್ಲಿ ಸುಣ್ಣ ಬಳಿದ ಕಟ್ಟೆ. ಕಟ್ಟೆಯ ಮೇಲೆ ಒಂದು ಸಣ್ಣ ಕಲ್ಲಿಗೆ ಅರಿಸಿನ ಕುಂಕುಮ ಮೆತ್ತಿ, ಹಸಿರು ಬಳೆ ಏರಿಸಿದ್ದರು. ಮರದ ಕೊಂಬೆಗಳಿಗೆ ಅಂಗೈಯಗಲದ ಕಟ್ಟಿಗೆಯ ತೊಟ್ಟಿಲುಗಳು ತೂಗುತ್ತಿದ್ದವು. ಒಂದಲ್ಲ, ಎರಡಲ್ಲ, ಮರದ ತುಂಬ.

ನನಗೆ ತಲೆ ಕೆಟ್ಟುಹೋಯಿತು. ಮತ್ತೆ ತಪ್ಪಿದೆನೇ? ಇದು ಯಾವುದೋ ದೇವರ ಗುಡಿಯಲ್ಲವೇ? ನಕ್ಷೆ ತಿರುಗಿಸಿದೆ, ಮೋರಿಯ ಕಡೆ ನೋಡಿದೆ, ಮತ್ತೆ ನಕ್ಷೆ ನೋಡಿದೆ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಕೊಯ್ದುಳಿದ ತೊಗರಿ ಕಟ್ಟಿಗೆ ಆರಿಸುತ್ತಿದ್ದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಬಂದಳು.

"ಪಟ್ರಿ ತಾಯಿಗಿ ಬಂದೀರೇನ್ರಿ? ಬರ್ರಿ ಬರ್ರಿ. ಚಪ್ಪಲ ಅಲ್ಲೇ ಬಿಡ್ರಿ."

"ಯಾವ ತಾಯಿ ಇದು?" ಎಂದೆ.

"ಭಾಳ ಸತ್ಯುಳ್ಳ ತಾಯಿ ಅದಾಳ್ರಿ. ಹಿಂದಕ ಇಲ್ಲಿ ಖಣಿ ರೈಲು ಓಡತಿತ್ತಂತ. ತಾಯಿ ಮ್ಯಾಲೆ ಹಾದು ಹೋಗಬೇಕಂತ ಬಂತು, ಆಗಲಿಲ್ಲ. ಅಂಜಿ ಬಳಸಿಕೊಂಡು ಹೋಯ್ತು. ನೋಡ್ರಿ, ಇನ್ನೂ ಒಡ್ಡು ಹೆಂಗ ಬಾಗ್ಯದ! ರೈಲೇ ಸರದು ಹೋಗ್ಯದ ಅಂದ್ಮ್ಯಾಲ ನಮ್ಮಂಥವರದು ಏನದ? ಮಕ್ಕಳಿಲ್ಲದವರು ಬಂದು ಬೇಡ್ಕೋತಾರ. ಅಕಿ ಕೊಡ್ತಾಳ. ಕೂಸು ಹುಟ್ಟಿದ ಮ್ಯಾಲ ತೊಟ್ಟಿಲ ಕಟ್ಟಿ ಹೋಗ್ತಾರ."

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಅಮ್ಮಾ, ಅದು ದೇವರಲ್ಲ, ನನ್ನ ಅಕ್ಕ, ಏಳನೇ ತಿಂಗಳಿಗೇ ಹುಟ್ಟಿ ಹೋದ, ಹೆಸರೂ ಇಡದ ಕೂಸು ಎಂದು ಹೇಳಲು ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಹಿಡಿದು ಅದುಮಿದಳು. ಅಷ್ಟು ಶಕ್ತಿ ಆ ಕೈಯಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಒಂದು ಹಿಡಿ ಮಣ್ಣು ತಗೊಂಡು ಹೋಗ್ತೀವಿ," ಎಂದು ತಮ್ಮ ಬಗ್ಗಿದ.

"ಏ ಬ್ಯಾಡ್ರಿ ಅಣ್ಣಾ!" ಆ ಹೆಂಗಸು ಓಡಿ ಬಂದು ಅಡ್ಡ ನಿಂತಳು. "ತಾಯಿ ಮಣ್ಣು ಕೆದರಬಾರದು. ಭಂಡಾರ ಒಯ್ರಿ ಬೇಕಾದ್ರ. ಆಯಿ, ನೀವು ಬರ್ರಿ, ತಾಯಿಗಿ ಕೈ ಮುಗೀರಿ."

ಅವ್ವ ಕಟ್ಟೆಯ ಹತ್ತಿರ ಹೋದಳು. ಕೈ ಮುಗಿಯಲಿಲ್ಲ. ಹೆತ್ತವಳು ಹೊಟ್ಟೆಯ ಮಗಳಿಗೆ ಕೈ ಮುಗಿಯುವುದುಂಟೇ? ಕಟ್ಟೆಯ ಅಂಚಿಗೆ ಕೂತು, ಆ ಕಲ್ಲಿನ ನೆತ್ತಿಯ ಮೇಲೆ ಕೈಯಿಟ್ಟಳು. ಕೂದಲು ಸವರುವ ಹಾಗೆ ಸವರಿದಳು. ಮೆತ್ತಿದ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿ ಸರಿಮಾಡಿದಳು. ಆಮೇಲೆ ಎರಡೂ ಕೈಯಿಂದ ನೀವಳಿಸಿ, ಬೆರಳುಗಳನ್ನು ತನ್ನ ಕಪಾಲಕ್ಕೊತ್ತಿ ಲಟಲಟ ಲಟಿಗೆ ಮುರಿದಳು, ಎಣ್ಣೆ ನೀರು ಹಾಕಿದ ಕೂಸಿಗೆ ದೃಷ್ಟಿ ತೆಗೆಯುವ ಹಾಗೆ.

ಆ ಹೆಂಗಸು ಕಕ್ಕಾಬಿಕ್ಕಿಯಾದಳು. "ದೇವರಿಗಿ ಹಂಗ ಮಾಡ್ತಾರೇನ್ರಿ ಆಯಿ?"

"ಸಣ್ಣಾಕಿ ಕಂಡಳವ್ವ," ಅಂದಳು ಅವ್ವ. "ಅದಕ್ಕ."

ಹೆಂಗಸಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಆದರೂ ಅವ್ವನ ಅಂಗೈಗೆ ಭಂಡಾರದ ಅರಿಸಿನ ಹಾಕಿದಳು, ಮರದಲ್ಲಿ ತೂಗುತ್ತಿದ್ದ ಒಂದೊಂದೇ ತೊಟ್ಟಿಲು ತೋರಿಸಿ ಇದು ಸೊಸೆಯದು, ಇದು ತಂಗಿಯದು, ಇದು ತನ್ನ ಸ್ವಂತದ್ದು ಎಂದು ಹೇಳಿದಳು. ಅವ್ವ ಪ್ರತಿಯೊಂದಕ್ಕೂ ಗಂಡೋ ಹೆಣ್ಣೋ, ಆರಾಮಿದ್ದಾವೆಯೋ ಎಂದು ಕೇಳಿದಳು. ಆರಾಮಿದ್ದಾವೆ ಎಂಬ ಉತ್ತರ ಬಂದಾಗಲೆಲ್ಲ ಕಲ್ಲಿನ ಕಡೆ ನೋಡಿದಳು.

ಅದೇ ಜಾಗವೇ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಆ ಕಲ್ಲನ್ನು ಅಪ್ಪ ಇಟ್ಟನೋ, ಲೈನು ಹೋದ ಮೇಲೆ ಊರವರು ಇಟ್ಟರೋ ತಿಳಿಯದು. ಪಟ್ರಿ ಬಾಗಿದ್ದಕ್ಕೆ ಬೇರೆ ಕಾರಣವೂ ಇದ್ದೀತು. ನಕ್ಷೆಯಲ್ಲಿ ಇದಕ್ಕೆ ಗುರುತಿಲ್ಲ, ಹೇಳಬಲ್ಲವರು ಯಾರೂ ಉಳಿದಿಲ್ಲ. ಅವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ.

ಜೀಪು ಹೊರಟಿತು. ಕುಪ್ಪಸದ ಕಣ ಮಡಚಿದ ಹಾಗೆಯೇ ಅವ್ವನ ತೊಡೆಯ ಮೇಲಿತ್ತು. ನನಗೆ ಸಂಕಟವಾಯಿತು. ಇಷ್ಟು ತಿರುಗಿ, ಇಷ್ಟು ಹುಡುಕಿ, ಕೇಳಿದ ಒಂದೇ ಒಂದು ಹಿಡಿ ಮಣ್ಣು ಕೊಡಿಸಲಾಗಲಿಲ್ಲವಲ್ಲ.

"ಯವ್ವಾ, ಆ ಹೆಣಮಗಳು ಮನಿಗಿ ಹೋದ ಮ್ಯಾಲ ನಾ ಮತ್ತ ಬಂದು ತರ್ತೀನಿ," ಅಂದೆ. "ಯಾರಿಗೂ ಗೊತ್ತಾಗಲ್ಲ."

"ಬ್ಯಾಡ."

"ಉಡ್ಯಾಗ ಬೇಕು ಅಂದಿದ್ದಿಯಲ್ಲ ಬೇ?"

ಅವ್ವ ಹಿಂದಿನ ಗಾಜಿನಲ್ಲಿ ಆ ಬೇವಿನ ಮರ ಕಾಣದಾಗುವವರೆಗೂ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ ಅಂದಳು:

"ಒಬ್ಬಾಕಿನೇ ಅದಾಳಂತ ಮಾಡಿದ್ದೆ. ಅಕಿಗಿ ಇಷ್ಟ ಮಂದಿ ಮಕ್ಕಳದಾವ. ಎಲ್ಲಾ ಬಿಟ್ಟು ನನ್ನ ಕೂಡ ಬಾ ಅಂತ ಈಗ ಹೆಂಗ ಕರೀಲಿ?"